ಒಂದು ಸಲವಾದರೂ ಸ್ಟೇಡಿಯಂನಲ್ಲಿ ಕೂತು ಮ್ಯಾಚ್ ನೋಡಬೇಕು: ಕೊಡಗಿನಿಂದ ಹೋಗಿ ಬಂದವರು ಸ್ವಲ್ಪ ಹೇಳಿ

ಗೋಣಿಕೊಪ್ಪ ಗೂಗ್ಲಿ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಮೊದಲ ವರ್ಷ. ಕ್ರಿಕೆಟ್ ಹುಚ್ಚು ಯಾವಾಗ ಹಿಡಿಯಿತೋ ನೆನಪಿಲ್ಲ. ಆದರೆ ಇವತ್ತಿನವರೆಗೆ ಒಂದು ದೊಡ್ಡ ಮ್ಯಾಚನ್ನೂ ಕಣ್ಣಾರೆ ನೋಡಿಲ್ಲ. ಎಲ್ಲ ಟಿವಿ, ಇಲ್ಲದಿದ್ದರೆ ಮೊಬೈಲ್.

ನಮ್ಮ ಮನೆ ಪಾಲಿಬೆಟ್ಟ ಕಡೆ, ತೋಟದ ಒಳಗೆ. ಮಳೆ ಜೋರಾದರೆ ಡಿಶ್ ಸಿಗ್ನಲ್ ಹೋಗುತ್ತದೆ. ಮೊಬೈಲ್‌ಗೆ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿರುವ ನೀರಿನ ಟ್ಯಾಂಕ್ ಮೇಲೆ ಮಾತ್ರ. ಅಲ್ಲಿ ಕೂತು ನೋಡುತ್ತೇನೆ. ಅದೂ ತಡವಾಗಿ ಓಡುತ್ತದೆ. ಪಕ್ಕದ ಮನೆಯವರು ಟಿವಿ ಮುಂದೆ 'ಔಟ್!' ಅಂತ ಕಿರುಚುವಾಗ ನನ್ನ ಮೊಬೈಲ್‌ನಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ.

ಈ ಸಲ ಕರಿಮೆಣಸು ಕುಯ್ಲಿಗೆ ಹೋಗಿ ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಒಂದು ಮ್ಯಾಚ್ ನೋಡಬೇಕು. ಅಪ್ಪ 'ನೋಡೋಣ' ಅನ್ನುತ್ತಾರೆ, ಅಂದರೆ ಇಲ್ಲ ಅಂತ. ಅಮ್ಮ ನೇರವಾಗಿಯೇ ಇಲ್ಲ ಅಂದುಬಿಟ್ಟರು. ಟಿಕೆಟ್ ಹೇಗೆ ಸಿಗುತ್ತದೆ? ರಾತ್ರಿ ಮ್ಯಾಚ್ ಮುಗಿದ ಮೇಲೆ ಊರಿಗೆ ಹೇಗೆ ಬರುತ್ತೀರಿ? 'ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ' ಅಂತ ಮಾತ್ರ ಹೇಳಬೇಡಿ.

ಸಿಲ್ಲಿ ಪಾಯಿಂಟ್

ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ.

ಲೆಗ್ ಬೈ

ಇವನೊಬ್ಬ ಇರ್ತಾನೆ ಎಲ್ಲಾ ಕಡೆ.

ತಮ್ಮಾ, ನನ್ನ ಲೆಕ್ಕ ಹೇಳುತ್ತೇನೆ ಕೇಳು. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ಬಸ್ಸೇ ಗತಿ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಆರೇಳು ಗಂಟೆ ಅಂದುಕೊಂಡೇ ಹೊರಡು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕ್ ಸ್ಟೇಷನ್. ಅಲ್ಲಿಂದ ಸ್ಟೇಡಿಯಂ ನಡೆಯುವಷ್ಟೇ ದೂರ.

ಮುಖ್ಯವಾದ ಮಾತು: ಮೊದಲ ಸಲ ಹೋಗುವವರು ಏಳೂವರೆಯ ಐಪಿಎಲ್ ಮ್ಯಾಚ್‌ಗೆ ಹೋಗಬೇಡಿ. ಮುಗಿಯುವಾಗ ಹನ್ನೊಂದು ದಾಟುತ್ತದೆ. ಶನಿವಾರ, ಭಾನುವಾರ ಕೆಲವೊಮ್ಮೆ ಮಧ್ಯಾಹ್ನ ಮೂರೂವರೆಗೆ ಶುರುವಾಗುವ ಮ್ಯಾಚ್ ಇರುತ್ತದೆ. ಅದನ್ನು ಹಿಡಿ. ಏಳೂವರೆ ಹೊತ್ತಿಗೆ ಮುಗಿಯುತ್ತದೆ, ಊಟ ಮಾಡಿ ರಾತ್ರಿ ಬಸ್ ಹತ್ತಬಹುದು.

ಆನೆ ದಾಟುವ ಜಾಗ

ರಾತ್ರಿ ಬಸ್ಸಿನ ವಿಷಯ ಬಂತಲ್ಲ, ಒಂದು ಮಾತು. ಪಾಲಿಬೆಟ್ಟ, ಸಿದ್ದಾಪುರ, ತಿತಿಮತಿ ಕಡೆಯವರು ಬೆಳಗಿನ ಜಾವ ನಾಲ್ಕಕ್ಕೆ ಬಂದು ಇಳಿಯುವ ಬಸ್ ಹತ್ತಲೇಬೇಡಿ. ಬಸ್ ಸ್ಟಾಪ್‌ನಿಂದ ಮನೆಗೆ ತೋಟದ ದಾರಿಯಲ್ಲಿ ನಡೆದು ಹೋಗುವವರಿಗೆ ಆ ಹೊತ್ತು ಒಳ್ಳೆಯದಲ್ಲ. ಆನೆಗೆ ನೀನು ಯಾವ ಟೀಮ್ ಜೆರ್ಸಿ ಹಾಕಿದ್ದೀಯ ಅಂತ ಗೊತ್ತಾಗುವುದಿಲ್ಲ. ಬೆಳಕು ಹರಿದ ಮೇಲೆ ತಲುಪುವ ಬಸ್ ನೋಡಿಕೊ, ಇಲ್ಲ ಗೋಣಿಕೊಪ್ಪದಲ್ಲೇ ಟೀ ಕುಡಿಯುತ್ತಾ ಕೂತಿರು.

ಕುಶಾಲನಗರದ ಅಕ್ಕ

ನಾನು ಕ್ರಿಕೆಟ್ ನೋಡುವವಳಲ್ಲ. ಈ ವಯಸ್ಸಿನ ಮಗ ಇದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ. 2025ರ ಜೂನ್ 4 ಮರೆತುಹೋಯಿತಾ? ಅದೇ ಚಿನ್ನಸ್ವಾಮಿ ಗೇಟಿನ ಮುಂದೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರೇ. ಅವರ ಮನೆಯಲ್ಲೂ 'ಒಂದೇ ಸಲ ಹೋಗಿ ಬರ್ತೀನಿ' ಅಂತಲೇ ಹೇಳಿ ಹೊರಟಿರುತ್ತಾರೆ. ಆ ಹುಡುಗನ ಅಮ್ಮ ಬೇಡ ಅಂದಿದ್ದರಲ್ಲಿ ತಪ್ಪೇನಿದೆ? ನೀವೆಲ್ಲ ಬಸ್ ನಂಬರ್ ಹೇಳುತ್ತಾ ಕೂತಿದ್ದೀರಿ.

ಲೆಗ್ ಬೈ

ಅಕ್ಕಾ, ನಿಮ್ಮ ಭಯಕ್ಕೆ ಅರ್ಥ ಇದೆ. ಆದರೆ ಅವತ್ತು ಇದ್ದದ್ದು ಮ್ಯಾಚ್ ಅಲ್ಲ. ಹಿಂದಿನ ದಿನ ಅಹಮದಾಬಾದ್‌ನಲ್ಲಿ ಬೆಂಗಳೂರಿನ ತಂಡ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತ್ತು. 18 ವರ್ಷ ಕಾದಿದ್ದ ಜನ. ಮರುದಿನವೇ ಸನ್ಮಾನ ಅಂದರು. ಯಾರು ಒಳಗೆ, ಯಾರು ಹೊರಗೆ ಅಂತಲೇ ಸರಿಯಾಗಿ ತಿಳಿಯದೆ ಲಕ್ಷಗಟ್ಟಲೆ ಜನ ಬಂದುಬಿಟ್ಟರು. ಸ್ಟೇಡಿಯಂ ಹಿಡಿಯುವುದೇ ಹೆಚ್ಚುಕಮ್ಮಿ 40 ಸಾವಿರ. ಮ್ಯಾಚ್ ದಿನ ಟಿಕೆಟ್‌ನಲ್ಲಿ ಗೇಟ್ ಇರುತ್ತದೆ, ಸೀಟ್ ನಂಬರ್ ಇರುತ್ತದೆ. ಎರಡೂ ಒಂದೇ ಅಲ್ಲ.

ಕುಶಾಲನಗರದ ಅಕ್ಕ

ಟಿಕೆಟ್ ಇದ್ದವರು ಮಾತ್ರ ಗೇಟಿಗೆ ಬರುತ್ತಾರೆ ಅಂತ ಯಾರು ಹೇಳಿದರು ನಿಮಗೆ?

ಮಿಡ್ ಆನ್

ಅಕ್ಕ ಹೇಳಿದ್ದು ಸರಿ. ಟಿಕೆಟ್ ಇಲ್ಲದೆ 'ಅಲ್ಲೇ ಹೋಗಿ ನೋಡೋಣ' ಅಂತ ಹೊರಡುವವರೇ ಜಾಸ್ತಿ. ತಮ್ಮಾ, ಟಿಕೆಟ್ ಕೈಯಲ್ಲಿ ಇಲ್ಲದೆ ಬಸ್ ಹತ್ತಬೇಡ. ಎರಡು ಗಂಟೆ ಮೊದಲೇ ಒಳಗೆ ಹೋಗಿ ಕೂರು. ಮುಗಿದ ಮೇಲೆ ಓಡಬೇಡ, ಮುಕ್ಕಾಲು ಜನ ಹೋಗಲಿ, ಆಮೇಲೆ ಏಳು.

ಹಾಕಿ ಮಾತ್ರ

ಕೊಡಗಿನಲ್ಲಿ ಹುಟ್ಟಿ ಕ್ರಿಕೆಟ್‌ಗಾಗಿ ಅಳುವ ಹುಡುಗರನ್ನು ನೋಡಿದರೆ ನನಗೆ ಅಳು ಬರುತ್ತದೆ. ಇಲ್ಲಿ ಬೇಸಿಗೆ ಬಂದರೆ ಕೊಡವ ಮನೆತನಗಳು ಒಂದೊಂದು ತಂಡವಾಗಿ ಆಡುವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದಾಗ ಇದ್ದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆ ಆಯಿತು. ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಟೀಮಿನಲ್ಲಿ ಆಡುತ್ತಾರೆ. ಬೇರೆ ಎಲ್ಲಾದರೂ ಇದೆಯಾ ಇಂಥದ್ದು? ಗ್ಯಾಲರಿಯಲ್ಲಿ ಕೂತು ಬಿಟ್ಟಿಯಾಗಿ ನೋಡಬಹುದು. ಅದು ಬಿಟ್ಟು ಎರಡು ಸಾವಿರ ಕೊಟ್ಟು ಬೆಂಗಳೂರಿಗೆ ಹೋಗಬೇಕಂತೆ.

ಗೋಣಿಕೊಪ್ಪ ಗೂಗ್ಲಿ

ಅಂಕಲ್, ನಾನು ಹಾಕಿ ನೋಡಲು ಹೋಗಿದ್ದೇನೆ. ಅಲ್ಲಿಂದಲೇ ಈ ಆಸೆ ಬಂದದ್ದು. ಫೈನಲ್ ದಿನ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಇಡೀ ಗ್ಯಾಲರಿ ಎದ್ದು ನಿಲ್ಲುತ್ತದಲ್ಲ, ಕೂತ ಹಲಗೆಯೇ ನಡುಗುತ್ತದೆ. ಅದು ಟಿವಿಯಲ್ಲಿ ಸಿಗುವುದಿಲ್ಲ ಅಂತ ಗೊತ್ತಾಯಿತು. ನನಗೆ ಇಷ್ಟವಾದ ಆಟದಲ್ಲಿ ಅದು ಹೇಗಿರುತ್ತದೆ ಅಂತ ನೋಡಬೇಕು, ಅಷ್ಟೇ.

ಹಾಕಿ ಮಾತ್ರ

ಮಾತು ಚೆನ್ನಾಗಿ ಕಲಿತಿದ್ದೀಯ. ಆದರೂ ಹಾಕಿಯೇ.

ಸೋಮವಾರಪೇಟೆ ಸ್ವಿಂಗ್

ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ನಮ್ಮೂರಿನ ಎಸ್.ವಿ. ಸುನಿಲ್. ಹಾಕಿಯಲ್ಲಿ ನಮ್ಮವರ ಪಟ್ಟಿ ಉದ್ದ ಅಂತ ಎಲ್ಲರೂ ಒಪ್ಪುತ್ತೇವೆ ಅಂಕಲ್. ಆದರೆ ಕ್ರಿಕೆಟ್‌ನಲ್ಲೂ ಖಾಲಿ ಇಲ್ಲ. ರಾಬಿನ್ ಉತ್ತಪ್ಪ ಇದ್ದಾರೆ. ಅವರ ಅಪ್ಪ ಹಾಕಿ ಅಂಪೈರ್, ಮಗ ಬ್ಯಾಟ್ ಹಿಡಿದರು! ವೇಗದ ಬೌಲರ್ ಎನ್.ಸಿ. ಅಯ್ಯಪ್ಪ. 2015ರ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತಾದವರು 2.4 ಕೋಟಿ ಕೊಟ್ಟು ತೆಗೆದುಕೊಂಡ ಕೆ.ಸಿ. ಕಾರ್ಯಪ್ಪ. 2007ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಮೇಲೆ ಮ್ಯಾಚ್ ಟೈ ಆಗಿ, ಬ್ಯಾಟರ್ ಇಲ್ಲದ ವಿಕೆಟ್‌ಗೆ ಚೆಂಡು ಹಾಕುವ ಬೌಲ್ ಔಟ್ ಆದಾಗ ಕೊನೆಯ ಚೆಂಡು ಹಾಕಿ ಗೆಲ್ಲಿಸಿದ್ದೇ ಉತ್ತಪ್ಪ.

ಸಿಲ್ಲಿ ಪಾಯಿಂಟ್

ಕೊನೆಯ ಚೆಂಡು ಹಾಕಿದ್ದು ಅಫ್ರಿದಿ. ಸೆಹವಾಗ್, ಹರ್ಭಜನ್, ಉತ್ತಪ್ಪ ಮೂವರೂ ವಿಕೆಟ್‌ಗೆ ಹೊಡೆದರು. ಅವರ ಕಡೆ ಅರಾಫತ್, ಗುಲ್ ತಪ್ಪಿಸಿದರು, ಆಮೇಲೆ ಅಫ್ರಿದಿಯೂ ತಪ್ಪಿಸಿದ. 3-0.

ಸೋಮವಾರಪೇಟೆ ಸ್ವಿಂಗ್

ನಮ್ಮ ಕಡೆಯ ಕೊನೆಯ ಚೆಂಡು ಅಂದೆ ಮಾರಾಯ. ಟೋಪಿ ತೆಗೆದು ತಲೆಬಾಗಿ ವಂದಿಸಿದರಲ್ಲ, ಅದೇ ಸಾಕು.

ವಿರಾಜಪೇಟೆ ವಿಕೆಟ್ ಕೀಪರ್

ಸ್ಟೇಡಿಯಂ ಅಂದರೆ ಸ್ವರ್ಗ ಅಂದುಕೊಂಡಿರುವ ತಮ್ಮನಿಗೆ ನನ್ನ ಕಥೆ. 2024ರ ಅಕ್ಟೋಬರ್, ನ್ಯೂಜಿಲೆಂಡ್ ಟೆಸ್ಟ್. ಮೊದಲ ದಿನ ಪೂರ್ತಿ ಮಳೆ, ಒಂದು ಚೆಂಡೂ ಇಲ್ಲ. ನಮ್ಮ ಟಿಕೆಟ್ ಎರಡನೇ ದಿನಕ್ಕೆ. ನಮ್ಮ ಅದೃಷ್ಟವೇ ಅದೃಷ್ಟ ಅಂತ ಕುಣಿದುಕೊಂಡು ಹೋದೆವು. ರೋಹಿತ್ ಟಾಸ್ ಗೆದ್ದು ಬ್ಯಾಟಿಂಗ್ ತೆಗೆದುಕೊಂಡರು. ಸ್ನೇಹಿತ ಟೀ ತರಲು ಹೋಗಿ ವಾಪಸ್ ಬರುವಷ್ಟರಲ್ಲಿ ಸ್ಕೋರ್ 10ಕ್ಕೆ 3. ಕೊಹ್ಲಿ ಸೊನ್ನೆ. ಅವನು ಎರಡು ಕೈಯಲ್ಲಿ ಕಪ್ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತುಬಿಟ್ಟ, 'ಯಾರು ಔಟು, ಯಾರು ಔಟು' ಅಂತ ಕೇಳುತ್ತಾ. ಊಟದ ಹೊತ್ತಿಗೆ 34ಕ್ಕೆ 6. ಕೊನೆಗೆ 46ಕ್ಕೆ ಆಲೌಟ್. ಭಾರತ ತವರಲ್ಲಿ ಟೆಸ್ಟ್‌ನಲ್ಲಿ ಮಾಡಿದ ಅತಿ ಕಡಿಮೆ ಮೊತ್ತ. ಅದನ್ನು ನಾವು ದುಡ್ಡು ಕೊಟ್ಟು ನೋಡಿದೆವು.

ನಾಲ್ಕನೇ ದಿನ ಸರ್ಫರಾಜ್ 150, ಪಂತ್ 99. ಆ ದಿನ ನಾನು ಊರಲ್ಲಿ ಅಡಿಕೆ ಸುಲಿಯುತ್ತಿದ್ದೆ.

ಗೋಣಿಕೊಪ್ಪ ಗೂಗ್ಲಿ

ಅಣ್ಣಾ, ಅದಾದರೂ ಪರವಾಗಿಲ್ಲ. 46 ನೋಡಿದ್ದೇನೆ ಅಂತ ಹೇಳಿಕೊಳ್ಳಬಹುದಲ್ಲ!

ಬಿಳಿ ಅಂಗಿ

2025ರ ಮೇ 17ಕ್ಕೆ ನಾನು ಅಲ್ಲಿದ್ದೆ. ಆರ್‌ಸಿಬಿ-ಕೋಲ್ಕತ್ತಾ. ಐದು ದಿನ ಮೊದಲು ಕೊಹ್ಲಿ ಟೆಸ್ಟ್‌ಗೆ ವಿದಾಯ ಹೇಳಿದ್ದರು ಅಂತ ಜನ ಆರ್‌ಸಿಬಿ ಕೆಂಪು ಬಿಟ್ಟು ಟೆಸ್ಟ್ ಆಟಗಾರರ ಹಾಗೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಟಾಸ್ ಕೂಡ ಆಗಲಿಲ್ಲ, ಮಳೆ. ಚಿನ್ನಸ್ವಾಮಿಯಲ್ಲಿ ನೆಲದಡಿಯಿಂದ ನೀರು ಎಳೆಯುವ ಸಬ್‌ಏರ್ ವ್ಯವಸ್ಥೆ ಇದೆ, ಮಳೆ ನಿಂತರೆ ಬೇಗ ಆಟ ಶುರು ಮಾಡುತ್ತಾರೆ. ಆದರೆ ಮಳೆ ನಿಲ್ಲಬೇಕಲ್ಲ! ಟಿಕೆಟ್ ದುಡ್ಡು ವಾಪಸ್ ಕೊಟ್ಟರು. ಬಸ್ ದುಡ್ಡು ಯಾರು ಕೊಡುತ್ತಾರೆ?

ಆನೆ ದಾಟುವ ಜಾಗ

ಕೊಡಗಿನವರು ಮಳೆ ನೋಡಲು ಬೆಂಗಳೂರಿಗೆ ಹೋಗಿದ್ದು ಇದೇ ಮೊದಲಿರಬೇಕು.

ಹಳೇ ಬಾಲ್ಕನಿ

ಇಷ್ಟು ಹೊತ್ತು ಓದುತ್ತಾ ಇದ್ದೆ, ಈಗ ಬರೆಯದೆ ಇರಲು ಆಗುತ್ತಿಲ್ಲ. ನಾನು ಆಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. 1996ರ ಅಕ್ಟೋಬರ್ 21, ಟೈಟನ್ ಕಪ್, ಆಸ್ಟ್ರೇಲಿಯಾ ಜತೆ. ಅವರದು 215, ಮಾರ್ಕ್ ಟೇಲರ್ ಸೆಂಚುರಿ. ಸಚಿನ್ ಆಗ ಕ್ಯಾಪ್ಟನ್. 88 ಹೊಡೆದು ಔಟಾದರು. ಔಟಾದ ಕೂಡಲೇ ನಮ್ಮ ಸ್ಟ್ಯಾಂಡ್ ಖಾಲಿಯಾಗಲು ಶುರುವಾಯಿತು. ಸಚಿನ್ ಔಟಾದರೆ ಟಿವಿ ಆಫ್ ಮಾಡುವ ಕಾಲ ಅದು, ಸ್ಟೇಡಿಯಂನಲ್ಲಿ ಆಫ್ ಮಾಡಲು ಆಗುವುದಿಲ್ಲ, ಜನ ಎದ್ದು ಹೊರಟರು. 164ಕ್ಕೆ 8. ನನ್ನ ರೂಮ್‌ಮೇಟ್ ಕೂಡ 'ಬಸ್ ರಶ್ ಆಗುತ್ತೆ, ಬಾ' ಅಂದ. ನಾನು ಬರಲ್ಲ ಅಂದೆ.

ಕ್ರೀಸಿನಲ್ಲಿ ಶ್ರೀನಾಥ್, ಕುಂಬ್ಳೆ. ಒಬ್ಬರು ಮೈಸೂರು, ಒಬ್ಬರು ಬೆಂಗಳೂರು. ಇನ್ನೂ 52 ಬೇಕು. ಒಂದು, ಎರಡು ಅಂತ ತೆಗೆಯುತ್ತಾ ಹೋದರು. ಶ್ರೀನಾಥ್ ಆಗಾಗ ಎತ್ತಿ ಹೊಡೆಯುತ್ತಿದ್ದರು. ಕೆಳಗೆ ಇಳಿದಿದ್ದವರು ಸದ್ದು ಕೇಳಿ ಮೆಟ್ಟಿಲು ಹತ್ತಿ ವಾಪಸ್ ಬರುತ್ತಿದ್ದರು. ಅವರವರ ಸೀಟಿನಲ್ಲಿ ಬೇರೆಯವರು ಕೂತಾಗಿತ್ತು. ಇಬ್ಬರ ಅಮ್ಮಂದಿರೂ ಅವತ್ತು ಸ್ಟ್ಯಾಂಡಿನಲ್ಲೇ ಕೂತಿದ್ದರು ಅಂತ ಆಮೇಲೆ ಗೊತ್ತಾಯಿತು. ಗೆದ್ದೆವು, ಎರಡು ವಿಕೆಟ್ ಉಳಿದಿತ್ತು. ರೂಮ್‌ಮೇಟ್‌ಗೆ ಸುದ್ದಿ ಸಿಕ್ಕಿದ್ದು ಬಸ್ಸಿನಲ್ಲಿ ಯಾರದೋ ರೇಡಿಯೋದಿಂದ. ಇವತ್ತಿಗೂ ಆ ವಿಷಯ ಎತ್ತಿದರೆ ಮಾತು ಬದಲಾಯಿಸುತ್ತಾನೆ.

ಅಕ್ಕನಿಗೆ ಒಂದು ಮಾತು: ಬೇಡ ಅನ್ನುವ ಬದಲು ಜತೆಗೆ ಹೋಗಿ. ಅಮ್ಮಂದಿರು ಬರುವ ಜಾಗವೇ ಅದು.

ಕುಶಾಲನಗರದ ಅಕ್ಕ

ಅವರ ಮಕ್ಕಳು ಮೈದಾನದ ಒಳಗಿದ್ದರು ಸಾರ್, ಗೇಟಿನ ಹೊರಗಲ್ಲ. ಆದರೂ ಓದಿ ಖುಷಿಯಾಯಿತು. ಜತೆಗೆ ಹೋಗುವುದು ಯೋಚಿಸಬಹುದಾದ ಮಾತು.

ಗಂಗೋತ್ರಿ ಮರ

ಯಾರೂ ಮೈಸೂರಿನ ಹೆಸರು ಯಾಕೆ ಎತ್ತುತ್ತಿಲ್ಲ? ಎಲ್ಲರಿಗೂ ಚಿನ್ನಸ್ವಾಮಿಯೇ ಆಗಬೇಕಾ?

2010ರ ಜನವರಿ. ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿ ಫೈನಲ್, ಕರ್ನಾಟಕ-ಮುಂಬೈ, ಮಾನಸಗಂಗೋತ್ರಿ ಮೈದಾನ. ಆಗ ಕಾಫಿ ಕುಯ್ಲಿನ ಕಾಲ, ನಮ್ಮ ತಂದೆ ಬೈದರು, ಆದರೂ ಹುಣಸೂರು ದಾರಿಯ ಬೆಳಗಿನ ಬಸ್ ಹತ್ತಿ ಹೋದೆ. ಟಿಕೆಟ್ ಗಿಕೆಟ್ ಏನೂ ಇಲ್ಲ. ಮೊದಲ ಇನಿಂಗ್ಸ್‌ನಲ್ಲಿ ನಾವು 130ಕ್ಕೆ ಮಣ್ಣುಮುಕ್ಕಿದ್ದೆವು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ, ಗಣೇಶ್ ಸತೀಶ್ ನಿಂತರು ನೋಡಿ, ಮೈದಾನದ ಸುತ್ತ ಕಾಲಿಡಲು ಜಾಗ ಇಲ್ಲ. ಮರದ ಮೇಲೆಲ್ಲ ಜನ. ನಾನೂ ಒಂದು ಕೊಂಬೆ ಹಿಡಿದವನೇ, ಹೆಸರು ನೋಡಿ ಗೊತ್ತಾಗುತ್ತಲ್ಲ.

ಟಿವಿಯಲ್ಲಿ ಸಿಗದೇ ಇರುವುದು ಏನು ಅಂತ ಆ ಕೊಂಬೆ ಮೇಲೆ ತಿಳಿಯಿತು. ಚೆಂಡು ಬ್ಯಾಟಿಗೆ ತಾಗುವುದು ಮೊದಲು ಕಣ್ಣಿಗೆ ಕಾಣುತ್ತದೆ, 'ಟಕ್' ಅನ್ನುವ ಸದ್ದು ಒಂದು ಚೂರು ತಡವಾಗಿ ಬರುತ್ತದೆ. ಬೌಲರ್ ಓಡಲು ಶುರು ಮಾಡಿದರೆ ದೂರ ನಿಂತ ಫೀಲ್ಡರ್‌ಗಳು ಒಟ್ಟಿಗೆ ಒಂದೆರಡು ಹೆಜ್ಜೆ ಒಳಗೆ ಬರುತ್ತಾರೆ. ಟಿವಿಯಲ್ಲಿ ಬೌಲರ್, ಬ್ಯಾಟರ್ ಇಬ್ಬರೇ. ಇಲ್ಲಿ ಕವರ್‌ನಲ್ಲಿ ನಿಂತವನನ್ನು ಕ್ಯಾಪ್ಟನ್ ಕೈಸನ್ನೆಯಲ್ಲೇ ಎರಡು ಗಜ ಹಿಂದೆ ಕಳಿಸುತ್ತಾನೆ, ಅದಾಗಿ ಮೂರನೇ ಚೆಂಡಿಗೆ ಅಲ್ಲಿಗೇ ಕ್ಯಾಚ್ ಹೋಗುತ್ತದೆ. ಪಾಂಡೆ 144 ಹೊಡೆದರು. ಅವರು ಔಟಾದ ಮೇಲೂ ಕೊನೆಗೆ ಬ್ಯಾಟಿಗೆ ಬರುವ ಬಾಲದವರು ಬಿಡಲಿಲ್ಲ. 331ಕ್ಕೆ ಮುಗಿಯಿತು. ಆರು ರನ್ನಿನಲ್ಲಿ ಸೋತೆವು. ಮರದಿಂದ ಇಳಿಯಲು ಮನಸ್ಸೇ ಬರಲಿಲ್ಲ ಯಾರಿಗೂ.

ತಮ್ಮಾ, ಗೋಣಿಕೊಪ್ಪದಿಂದ ಮೈಸೂರು ಬೆಳಗ್ಗೆ ಹೋಗಿ ಸಂಜೆ ಬರುವ ದೂರ. ಕರ್ನಾಟಕದ ಮ್ಯಾಚ್ ಅಲ್ಲಿ ಯಾವಾಗ ಅಂತ ನೋಡಿಕೊ. ಆನೆಯೂ ಇಲ್ಲ, ಗೇಟಿನ ನೂಕುನುಗ್ಗಲೂ ಇಲ್ಲ.

ಗೋಣಿಕೊಪ್ಪ ಗೂಗ್ಲಿ

ಅಣ್ಣಾ, ಇದು ಓದಿ ಮೈ ಜುಮ್ಮೆಂದಿತು. ಆದರೆ ಒಂದು ಮಾತು ಕೇಳಲಾ? ಅದು ಫೈನಲ್. ಮಾಮೂಲಿ ರಣಜಿ ಲೀಗ್ ಮ್ಯಾಚ್‌ಗೆ ಹೋದರೆ ಕಾವಲುಗಾರ, ನಾನು, ಎರಡು ನಾಯಿ. ನನಗೆ ಆ ಗದ್ದಲ ಬೇಕು.

ಗಂಗೋತ್ರಿ ಮರ

2025ರ ಜನವರಿಯಲ್ಲಿ ಕೊಹ್ಲಿ ದೆಹಲಿ ಪರ ರಣಜಿ ಆಡಲು ಬಂದಾಗ ಸಾವಿರಾರು ಜನ ಬೆಳಗಿನ ಜಾವದಿಂದಲೇ ಸಾಲು ನಿಂತಿದ್ದರು, ಬಿಟ್ಟಿ ಪ್ರವೇಶ. ಅದೇ ದಿನಗಳಲ್ಲಿ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಹರಿಯಾಣದ ಮೇಲೆ ಆಡಿದರು. ಗದ್ದಲವೂ ಬರುತ್ತದೆ, ಕಾಯಬೇಕು.

ಸಿಲ್ಲಿ ಪಾಯಿಂಟ್

ಕೊಹ್ಲಿ 6 ರನ್. ಬೌಲ್ಡ್. ಅರ್ಧ ಸ್ಟೇಡಿಯಂ ಅಲ್ಲಿಗೇ ಎದ್ದು ಹೋಯಿತು.

ಶ್ರೇಯಾಂಕ ಫ್ಯಾನ್

ಹುಡುಗರ ಮ್ಯಾಚ್ ಮಾತ್ರ ಮ್ಯಾಚಾ? 2024ರಲ್ಲಿ ಮಹಿಳೆಯರ ಲೀಗ್ ಡಬ್ಲ್ಯುಪಿಎಲ್‌ನ ಮೊದಲರ್ಧ ಚಿನ್ನಸ್ವಾಮಿಯಲ್ಲಿ ಆಯಿತು. ಟಿಕೆಟ್ ಐಪಿಎಲ್‌ಗೆ ಹೋಲಿಸಿದರೆ ತುಂಬಾ ಕಡಿಮೆ. ನಾನು ತಂಗಿ ಜತೆ ಹೋಗಿದ್ದೆ. ಗದ್ದಲ ಬೇಕು ಅಂದೆಯಲ್ಲ, ಕಿವಿ ತೂತು ಬೀಳುವಷ್ಟು 'ಆರ್‌ಸಿಬಿ, ಆರ್‌ಸಿಬಿ'. ಆ ವರ್ಷ ಕಪ್ಪೂ ಬಂತು, ಹುಡುಗರಿಗಿಂತ ಮೊದಲು. ಫೈನಲ್‌ನಲ್ಲಿ ಶ್ರೇಯಾಂಕ ಪಾಟೀಲ್‌ಗೆ 4 ವಿಕೆಟ್.

ನನ್ನ ಹೊಟ್ಟೆಯುರಿ ಬೇರೆ. ಮಹಿಳಾ ವಿಶ್ವಕಪ್‌ನ ಸೆಮಿಫೈನಲ್ 2025ರ ಅಕ್ಟೋಬರ್ 30ಕ್ಕೆ ಬೆಂಗಳೂರಲ್ಲಿ ಅಂತ ಇತ್ತು. ರಜೆ ಕೂಡ ಹೇಳಿಟ್ಟಿದ್ದೆ. ಆ ಕಾಲ್ತುಳಿತದ ಮೇಲೆ ಅದು ನವಿ ಮುಂಬೈಗೆ ಹೋಯಿತು. ಜೆಮಿಮಾ ಆಸ್ಟ್ರೇಲಿಯಾ ಮೇಲೆ ಅಜೇಯ 127 ಹೊಡೆದು 339 ಬೆನ್ನಟ್ಟಿ ಗೆಲ್ಲಿಸಿದರಲ್ಲ, ಅದನ್ನು ಮಡಿಕೇರಿಯ ರೂಮಿನಲ್ಲಿ ಕಂಬಳಿ ಹೊದ್ದುಕೊಂಡು ನೋಡಿದೆ.

ಮಿಡ್ ಆನ್

ಟಿಕೆಟ್ ವಿಷಯ ಅರ್ಧಕ್ಕೇ ನಿಂತಿದೆ. ಐಪಿಎಲ್ ಟಿಕೆಟ್ ಆನ್‌ಲೈನ್‌ನಲ್ಲಿ ಬಿಟ್ಟ ಕೂಡಲೇ ಮುಗಿಯುತ್ತದೆ. ನೀರಿನ ಟ್ಯಾಂಕ್ ಮೇಲಿನ ನೆಟ್‌ವರ್ಕ್ ನಂಬಿಕೊಂಡರೆ ಆಯಿತು ಕಥೆ. ಆ ದಿನ ಗೋಣಿಕೊಪ್ಪದಲ್ಲಿ ವೈಫೈ ಇರುವ ಯಾರದಾದರೂ ಮನೆಗೆ ಹೋಗಿ ಕೂರು. ಮೊದಲೇ ಲಾಗಿನ್ ಆಗಿರು.

ಟೆಲಿಗ್ರಾಮ್‌ನಲ್ಲಿ 'ನನ್ನ ಹತ್ತಿರ ಎಕ್ಸ್ಟ್ರಾ ಟಿಕೆಟ್ ಇದೆ, ಅರ್ಧ ದುಡ್ಡು ಈಗ ಹಾಕಿ' ಅಂತ ಬರುತ್ತಾರೆ. ನನ್ನ ಭಾವಮೈದ ಹಾಕಿದ. ಬಂದದ್ದು ಟಿಕೆಟ್‌ನ ಫೋಟೋ. ಅದೇ ಫೋಟೋ ಎಷ್ಟು ಜನಕ್ಕೆ ಹೋಗಿತ್ತೋ, ದೇವರೇ ಬಲ್ಲ.

ಶ್ರೇಯಾಂಕ ಫ್ಯಾನ್

ಪವರ್ ಬ್ಯಾಂಕ್, ನೀರಿನ ಬಾಟಲ್, ಹೆಲ್ಮೆಟ್, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಊರಿಂದ ಬ್ಯಾಗ್ ತರುವವರು ಬೆಂಗಳೂರಲ್ಲಿ ಪರಿಚಯದವರ ಮನೆಯಲ್ಲಿ ಇಟ್ಟು ಬನ್ನಿ. ಒಳಗೆ ಫೋನ್ ನೆಟ್‌ವರ್ಕ್ ಸಿಗುವುದು ಕಷ್ಟ. ಜತೆಗೆ ಬಂದವರು ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಲೆಗ್ ಬೈ

ಅಕ್ಕಿ ರೊಟ್ಟಿ, ಪಂದಿ ಕರಿ ಡಬ್ಬಿ ಬಿಡ್ತಾರಾ?

ಶ್ರೇಯಾಂಕ ಫ್ಯಾನ್

ಡಬ್ಬಿ ಬಿಡಲ್ಲ. ಗೇಟಿನಲ್ಲೇ ತಿಂದು ಮುಗಿಸಿ. ಚೆಕ್ ಮಾಡುವವರಿಗೂ ಎರಡು ತುಂಡು ಕೊಡಿ.

ಹಾಕಿ ಮಾತ್ರ

ಹಾಕಿಗೆ ಡಬ್ಬಿ ಬಿಡುತ್ತಾರೆ. ಅಲ್ಲೇ ಮಾರುತ್ತಾರೆ ಕೂಡ.

ಗೋಣಿಕೊಪ್ಪ ಗೂಗ್ಲಿ

ನಿನ್ನೆ ರಾತ್ರಿ ಈ ಥ್ರೆಡ್ ಅಮ್ಮನಿಗೆ ಓದಿ ಹೇಳಿದೆ. ಕುಶಾಲನಗರದ ಅಕ್ಕ ಬರೆದದ್ದನ್ನು ಬಿಟ್ಟು ಓದೋಣ ಅಂತಿದ್ದೆ. 'ಮಧ್ಯೆ ಏನೋ ಹಾರಿಸಿದೆ, ಮೊಬೈಲ್ ಕೊಡು' ಅಂದರು. ಎಲ್ಲ ಓದಿದರು. ಅಕ್ಕ ಹೇಳಿದ್ದೇ ಸರಿ ಅಂದರು. ಆಮೇಲೆ ಹಳೇ ಬಾಲ್ಕನಿ ಅಂಕಲ್ ಬರೆದದ್ದನ್ನು ಅಪ್ಪನಿಗೆ ತೋರಿಸಿದರು.

ಈಗ ಮಾತುಕತೆ ಇಲ್ಲಿಗೆ ನಿಂತಿದೆ: ಮೊದಲು ಮೈಸೂರು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಬೆಂಗಳೂರು ಆದರೆ ಮೂರೂವರೆ ಮ್ಯಾಚ್, ಟಿಕೆಟ್ ಕೈಗೆ ಬಂದ ಮೇಲೆ, ಅಪ್ಪ ಜತೆಗೆ ಬರುವುದಾದರೆ. ಅಪ್ಪ ಬರಬೇಕಾದರೆ ಕಾಫಿ ಹೂ ಅರಳಿಸುವ ಹೂಮಳೆ ಆಗಿರಬೇಕು. ಮಳೆ ಬಾರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲು ಇಬ್ಬರೂ ಇಲ್ಲೇ ಇರಬೇಕಂತೆ. ಅಂದರೆ ಇಲ್ಲಿ ಮಳೆ ಬರಬೇಕು, ಅಲ್ಲಿ ಬರಬಾರದು.

ಬಿಳಿ ಅಂಗಿ

ಒಳ್ಳೇ ಕರಾರು. ದೇವರಿಗೂ ತಲೆ ಕೆಡುತ್ತದೆ.

ಗೋಣಿಕೊಪ್ಪ ಗೂಗ್ಲಿ

ಹಳೇ ಬಾಲ್ಕನಿ ಅಂಕಲ್, ಅಪ್ಪ ಕೇಳುತ್ತಿದ್ದಾರೆ: ಆ 1996ರ ಮ್ಯಾಚ್‌ಗೆ ಟಿಕೆಟ್ ಎಷ್ಟಿತ್ತು?

ಹಳೇ ಬಾಲ್ಕನಿ

ಟಿಕೆಟ್ ದುಡ್ಡು ಕೊಟ್ಟದ್ದು ರೂಮ್‌ಮೇಟ್. ಕೇಳಿದರೆ ಮಾತು ಬದಲಾಯಿಸುತ್ತಾನೆ ಅಂದೆನಲ್ಲ.

ಹಾಕಿ ಮಾತ್ರ

ಹಾಕಿಗೆ ನಾವು ಟಿಕೆಟ್ ಕೇಳುವುದೇ ಇಲ್ಲ, ಬಂದು ಕೂತರೆ ಆಯಿತು.

ಸಿಲ್ಲಿ ಪಾಯಿಂಟ್

ತಮ್ಮಾ, ಟಿಕೆಟ್ ಬಿಡುವ ದಿನ ಹೇಳು. ನಮ್ಮ ಮನೆ ಗೋಣಿಕೊಪ್ಪ ಬಸ್ ಸ್ಟ್ಯಾಂಡ್ ಹಿಂದೆ, ವೈಫೈ ಇದೆ. ಎರಡು ಟಿಕೆಟ್ ತೆಗೆಯುವಾಗ ಮೂರು ತೆಗೆ.

ಲೆಗ್ ಬೈ

ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ ಅಂದವರು ಯಾರಪ್ಪಾ?